ರಾಜರು ಬಂದಾಗ ಟಾಲ್ಬಟ್ ಸ್ಟ್ರೀಟ್‌ಗೂ ಕರೆದುಕೊಂಡು ಹೋಗಿ: ಐರ್ಲೆಂಡ್ ಪ್ರಧಾನಿಯವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪ್ರಧಾನಿಗಳೇ,

ನಮಸ್ಕಾರ. ನಾನು ಡಬ್ಲಿನ್‌ನಲ್ಲಿ ನೆಲೆಸಿರುವ ಕನ್ನಡಿಗ. ಈಗ ಈ ದೇಶದ ಪ್ರಜೆ, ಇಲ್ಲಿಯ ಮತದಾರ. ಬ್ರಿಟಿಷ್ ರಾಜಮನೆತನದವರು ಬರುತ್ತಾರೆ ಅಂದರೆ ಸಾಕು, ನಮ್ಮ ಅಕ್ಕಪಕ್ಕದ ಐರಿಷ್ ಮನೆಗಳಲ್ಲಿ ಯಾಕಿಷ್ಟು ಮಾತು ಏಳುತ್ತದೆ, ಒಬ್ಬರು ಬಾವುಟ ಹಿಡಿದರೆ ಇನ್ನೊಬ್ಬರು ಯಾಕೆ ಮುಖ ತಿರುಗಿಸುತ್ತಾರೆ ಎಂದು ಇಲ್ಲಿಗೆ ಹೊಸದಾಗಿ ಬಂದ ನಮ್ಮವರು ಕೇಳುತ್ತಿರುತ್ತಾರೆ. ಅವರೂ ಓದಲಿ ಎಂದು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಕೇಳುವುದನ್ನು ಮೊದಲೇ ಕೇಳಿಬಿಡುತ್ತೇನೆ. ಇಂದಲ್ಲ ನಾಳೆ ಚಾರ್ಲ್ಸ್ ಅವರು ರಾಜರಾಗಿ ಡಬ್ಲಿನ್‌ಗೆ ಬರುವ ಮಾತು ಬಂದೇ ಬರುತ್ತದೆ. ಆಹ್ವಾನ ಹೋಗುವುದು ಅಧ್ಯಕ್ಷರ ಹೆಸರಿನಲ್ಲಿ. ಆದರೆ ಅತಿಥಿಗಳು ಎಲ್ಲಿಗೆ ಹೋಗಬೇಕು, ಯಾರನ್ನು ಕಾಣಬೇಕು ಎನ್ನುವುದರಲ್ಲಿ ನಿಮ್ಮ ಸರ್ಕಾರದ ಕೈ ದೊಡ್ಡದು. ಆ ಪಟ್ಟಿ ಸಿದ್ಧವಾಗುವಾಗ 1974ರಲ್ಲಿ ಟಾಲ್ಬಟ್ ಸ್ಟ್ರೀಟ್ ಮತ್ತಿತರ ಕಡೆ ನಡೆದ ಬಾಂಬ್ ಸ್ಫೋಟಗಳಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ ಅದರಲ್ಲಿ ಜಾಗ ಕೊಡಿ. ಬೇಡ ಎಂದು ಕೂಗುವವರಿಗೂ ಬೀದಿಯಲ್ಲಿ ಜಾಗ ಬಿಡಿ.

2011ರ ಭೇಟಿಯನ್ನು ನಾನು ಹಗುರವಾಗಿ ಕಾಣುವವನಲ್ಲ. ಆ ವರ್ಷ ಮೇ 17ರಂದು ಎರಡನೇ ಎಲಿಜಬೆತ್ ಬಾಲ್ಡೊನೆಲ್‌ನ ವಿಮಾನ ನಿಲ್ದಾಣದಲ್ಲಿ ಇಳಿದರು. ಹಸಿರು ಕೋಟು, ಹಸಿರು ಟೋಪಿ. ಆ ನಿಲ್ದಾಣಕ್ಕಿರುವುದು ರೋಜರ್ ಕೇಸ್‌ಮೆಂಟ್ ಹೆಸರು. ಕೇಸ್‌ಮೆಂಟ್‌ರನ್ನು 1916ರಲ್ಲಿ ರಾಜದ್ರೋಹದ ಆರೋಪ ಹೊರಿಸಿ ಲಂಡನ್ನಿನಲ್ಲಿ ಗಲ್ಲಿಗೇರಿಸಿದ್ದು ರಾಣಿಯ ಅಜ್ಜ ಐದನೇ ಜಾರ್ಜ್ ಕಾಲದಲ್ಲಿ. ಅದೇ ಜಾರ್ಜ್ 1911ರಲ್ಲಿ ಬಂದುಹೋದ ಮೇಲೆ ನೂರು ವರ್ಷ ಯಾವ ಬ್ರಿಟಿಷ್ ದೊರೆಯೂ ಡಬ್ಲಿನ್‌ಗೆ ಕಾಲಿಟ್ಟಿರಲಿಲ್ಲ.

ಅವತ್ತು ಮಧ್ಯಾಹ್ನ ಪಾರ್ನೆಲ್ ಸ್ಕ್ವೇರ್‌ನ ಗಾರ್ಡನ್ ಆಫ್ ರಿಮೆಂಬ್ರನ್ಸ್‌ನಲ್ಲಿ ಅವರು ಹೂಮಾಲೆ ಇಟ್ಟರು. ಹಿಂದೆ ಸರಿದು ತಲೆ ಬಾಗಿಸಿದರು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡಿ ಸತ್ತವರ ನೆನಪಿಗೆ ಕಟ್ಟಿದ ಜಾಗ ಅದು. ಆಮೇಲೆ ಎಷ್ಟೋ ಜನ ನೆನಪಿಸಿಕೊಂಡಿದ್ದು ಆ ತಲೆ ಬಾಗಿದ ಕ್ಷಣವನ್ನೇ. ಮರುದಿನ ಕ್ರೋಕ್ ಪಾರ್ಕ್ ಕ್ರೀಡಾಂಗಣಕ್ಕೆ ಹೋದರು. 1920ರ ನವೆಂಬರ್ 21ರಂದು ಬೆಳಿಗ್ಗೆ, ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಸಶಸ್ತ್ರ ಸಂಘಟನೆ ಐಆರ್‌ಎ ನಗರದಲ್ಲಿ ಬ್ರಿಟಿಷ್ ಗೂಢಚಾರರನ್ನು ಕೊಂದಿತ್ತು. ಅದೇ ಮಧ್ಯಾಹ್ನ ಕ್ರೋಕ್ ಪಾರ್ಕ್‌ನಲ್ಲಿ ಡಬ್ಲಿನ್ ಮತ್ತು ಟಿಪ್ಪರೆರಿ ತಂಡಗಳ ಫುಟ್ಬಾಲ್ ಪಂದ್ಯ ನಡೆದಿತ್ತು. ಬ್ರಿಟಿಷ್ ಪಡೆಗಳು ಒಳಗೆ ನುಗ್ಗಿ ಜನರ ಮೇಲೆ ಗುಂಡು ಹಾರಿಸಿದವು. 14 ಜನ ಸತ್ತರು. ಅವರಲ್ಲಿ 10, 11, 14 ವರ್ಷದ ಮೂವರು ಹುಡುಗರಿದ್ದರು. ಸತ್ತ ಆಟಗಾರ ಮೈಕಲ್ ಹೋಗನ್ ಹೆಸರು ಇವತ್ತಿಗೂ ಅಲ್ಲಿಯ ಸ್ಟ್ಯಾಂಡಿಗಿದೆ. ರಾಣಿ ಆ ನೆಲಕ್ಕೆ ಬಂದರಲ್ಲ, ಅದೇನು ಸಣ್ಣ ವಿಷಯವಲ್ಲ. ರಾತ್ರಿ ಡಬ್ಲಿನ್ ಕ್ಯಾಸಲ್‌ನಲ್ಲಿ ಐರಿಷ್ ಮಾತಿನಲ್ಲೇ ಭಾಷಣ ಶುರು ಮಾಡಿದಾಗ ಅಧ್ಯಕ್ಷೆ ಮೇರಿ ಮ್ಯಾಕಲೀಸ್ ಅವರ ಬಾಯಿಂದ ಬೆರಗಿನ ಉದ್ಗಾರ ಬಂದಿದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದರು. ಕೆಲವು ಸಂಗತಿಗಳು ಬೇರೆ ರೀತಿ ನಡೆಯಬೇಕಿತ್ತು, ಕೆಲವು ನಡೆಯಲೇಬಾರದಿತ್ತು ಅನ್ನುವ ಅರ್ಥದ ಮಾತನ್ನೂ ರಾಣಿ ಹೇಳಿದರು.

ಇಷ್ಟೆಲ್ಲ ಸರಿ. ಆದರೆ ತಾರೀಖು ಯಾವುದು ನೋಡಿ. ಮೇ 17.

1974ರ ಮೇ 17, ಶುಕ್ರವಾರ. ಡಬ್ಲಿನ್‌ನಲ್ಲಿ ಬಸ್ ಮುಷ್ಕರ, ಹಾಗಾಗಿ ಜನ ಜಾಸ್ತಿ ನಡೆದುಕೊಂಡೇ ಮನೆಗೆ ಹೊರಟಿದ್ದರು. ಸಂಜೆ ಐದೂವರೆ ಹೊತ್ತಿಗೆ ಪಾರ್ನೆಲ್ ಸ್ಟ್ರೀಟ್, ಟಾಲ್ಬಟ್ ಸ್ಟ್ರೀಟ್, ಸೌತ್ ಲೆನ್‌ಸ್ಟರ್ ಸ್ಟ್ರೀಟ್‌ಗಳಲ್ಲಿ ನಿಲ್ಲಿಸಿದ್ದ ಮೂರು ಕಾರುಗಳು ನಿಮಿಷಗಳ ಅಂತರದಲ್ಲಿ ಸಿಡಿದವು. ಒಂದೂವರೆ ಗಂಟೆಯಲ್ಲಿ ಗಡಿಯ ಹತ್ತಿರದ ಮೊನಹನ್ ಪಟ್ಟಣದಲ್ಲಿ ನಾಲ್ಕನೆಯದು. ಒಟ್ಟು 33 ಜನ ಸತ್ತರು. ಹೊಟ್ಟೆಯಲ್ಲಿದ್ದ, ದಿನ ತುಂಬಿದ ಒಂದು ಮಗುವನ್ನೂ ಸೇರಿಸಿ 34 ಎಂದು ಲೆಕ್ಕ ಹಾಕುವವರಿದ್ದಾರೆ, ಅದೇ ಸರಿ ಎಂದು ನನಗನ್ನಿಸುತ್ತದೆ. ಪಾರ್ನೆಲ್ ಸ್ಟ್ರೀಟ್‌ನಲ್ಲಿ ಒಂದೇ ಮನೆಯ ಗಂಡ, ಹೆಂಡತಿ, ಎರಡು ಎಳೆ ಹೆಣ್ಣುಮಕ್ಕಳು, ನಾಲ್ವರೂ ಹೋದರು. ಉತ್ತರ ಐರ್ಲೆಂಡ್ ಬ್ರಿಟನ್ ಜೊತೆ ಇರಬೇಕೋ ಐರ್ಲೆಂಡ್ ಸೇರಬೇಕೋ ಎಂಬ ಸಂಘರ್ಷದ ಅಷ್ಟೂ ವರ್ಷಗಳಲ್ಲಿ ಒಂದೇ ದಿನ ಇಷ್ಟು ಜನ ಸತ್ತಿದ್ದು ಇನ್ನೊಂದಿಲ್ಲ.

ಬ್ರಿಟನ್ ಪರವಾದ ಸಶಸ್ತ್ರ ಗುಂಪು ಯುವಿಎಫ್ ಇದನ್ನು ಮಾಡಿದ್ದು ತಾನೇ ಎಂದು ಒಪ್ಪಿಕೊಂಡಿದ್ದು 1993ರಲ್ಲಿ. ಆದರೂ ಒಬ್ಬರಿಗೂ ಶಿಕ್ಷೆಯಾಗಿಲ್ಲ. ಬ್ರಿಟಿಷ್ ಭದ್ರತಾ ಪಡೆಗಳ ಕೆಲವರ ಕೈ ಇದರಲ್ಲಿ ಇತ್ತೇ ಎಂಬ ಸಂಶಯ ಅಂದಿನಿಂದಲೂ ಇದೆ. ಲಂಡನ್ನಿನಲ್ಲಿರುವ ಕಡತಗಳನ್ನು ಸ್ವತಂತ್ರ ನ್ಯಾಯಮೂರ್ತಿಯೊಬ್ಬರಿಗೆ ನೋಡಲು ಬಿಡಿ ಎಂದು ನಿಮ್ಮ ಸಂಸತ್ತೇ ಎಲ್ಲ ಪಕ್ಷಗಳೂ ಸೇರಿ ಕೇಳಿತು. 2008ರಲ್ಲಿ ಕೇಳಿತು, 2011ರಲ್ಲಿ ಕೇಳಿತು, 2016ರಲ್ಲೂ ಕೇಳಿತು. ಆ ಮನೆಗಳವರ ಬೇಡಿಕೆಯೂ ಅದೇ.

ಈಗ 2011ರ ಆ ದಿನವನ್ನು ಇನ್ನೊಮ್ಮೆ ನೋಡಿ. ಸರಿಯಾಗಿ 37 ವರ್ಷ. ರಾಣಿ ತಲೆ ಬಾಗಿಸಿದ ಉದ್ಯಾನದಿಂದ ಪಾರ್ನೆಲ್ ಸ್ಟ್ರೀಟ್ ಕೆಲವೇ ನಿಮಿಷದ ನಡಿಗೆ. ಅಲ್ಲಿಂದ ಅವರು ಟ್ರಿನಿಟಿ ಕಾಲೇಜಿಗೆ ಹೋಗಿ ಹಳೆಯ ಹಸ್ತಪ್ರತಿಗಳನ್ನು ನೋಡಿದರು. ಆ ಕಾಲೇಜಿನ ಗೋಡೆಯ ಪಕ್ಕದಲ್ಲೇ, ಸೌತ್ ಲೆನ್‌ಸ್ಟರ್ ಸ್ಟ್ರೀಟ್‌ನಲ್ಲಿ, ಇಬ್ಬರು ಹೆಂಗಸರು ಸತ್ತಿದ್ದರು. ಅಂದರೆ ಸ್ಫೋಟ ನಡೆದ ತಾರೀಖಿನಂದೇ, ಸ್ಫೋಟ ನಡೆದ ಎರಡು ಬೀದಿಗಳ ಆಸುಪಾಸಿನಲ್ಲೇ ಅತಿಥಿಗಳ ಕಾರು ಓಡಾಡಿತು. ಟಾಲ್ಬಟ್ ಸ್ಟ್ರೀಟ್‌ನ ತುದಿಯಲ್ಲಿ, ಸತ್ತವರ ಹೆಸರು ಕೆತ್ತಿದ ಸ್ಮಾರಕದ ಕಲ್ಲಿನ ಹತ್ತಿರ, ಪ್ರತಿವರ್ಷ ಅದೇ ದಿನ ಅವರ ಮನೆಯವರು ಸೇರುತ್ತಾರೆ. ಅಲ್ಲಿಗೆ ಮಾತ್ರ ಕಾರು ಹೋಗಲಿಲ್ಲ.

ಈ ತಾರೀಖು ಆರಿಸಿದವರ ಮನಸ್ಸಿನಲ್ಲಿ ಏನಿತ್ತೋ, ಅದರ ತಂಟೆಗೆ ನಾನು ಹೋಗುವುದಿಲ್ಲ. ಆದರೆ 90 ವರ್ಷ ಹಿಂದೆ ಸತ್ತವರಿಗೆ ತಲೆ ಬಾಗಿಸುವುದು ಸುಲಭ, ಅವರ ಕೊಲೆಗಾರರೂ ಈಗಿಲ್ಲ, ಕೇಳುವ ಮಕ್ಕಳೂ ಉಳಿದಿಲ್ಲ. ಎದುರಿಗೆ ನಿಂತು "ನನ್ನ ಅಮ್ಮನನ್ನು ಕೊಂದವರು ಯಾರು?" ಎಂದು ಕೇಳುವವರಿದ್ದಾಗ ಅಲ್ಲಿಗೆ ಹೋಗುವುದು ಕಷ್ಟ. ಗೌರವಕ್ಕೆ ಬೆಲೆ ಬರುವುದೂ ಅಲ್ಲೇ, ಅಲ್ವಾ?

ಅವತ್ತು ಬೀದಿಗಿಳಿದವರ ಬಗ್ಗೆಯೂ ಎರಡು ಮಾತು ಹೇಳಬೇಕು. ಬಹಳಷ್ಟು ಜನ ಈ ಭೇಟಿಯನ್ನು ಒಪ್ಪಿದ್ದರು, ನಿಜ. ಹಿಂದಿನ ರಾತ್ರಿ ಮೇನೂತ್ ಹತ್ತಿರ ಡಬ್ಲಿನ್‌ಗೆ ಬರುತ್ತಿದ್ದ ಬಸ್ಸಿನ ಲಗೇಜಿನಲ್ಲಿ ಬಾಂಬ್ ಸಿಕ್ಕಿತ್ತು. ಹಾಗಾಗಿ ಭದ್ರತೆ ಬೇಕೇಬೇಕಿತ್ತು. ಆದರೆ ಬ್ಯಾರಿಕೇಡ್‌ಗಳು ಬಾಂಬ್ ಇಡುವವರನ್ನು ಮಾತ್ರ ದೂರ ಇಡಲಿಲ್ಲ. ಕೈಬೀಸಲು ಬಂದವರನ್ನೂ ಇಟ್ಟವು, ಬೇಡ ಎನ್ನಲು ಬಂದವರನ್ನೂ ಇಟ್ಟವು. ನಗರದ ನಡುವಿನ ಬೀದಿಗಳು ಖಾಲಿ. ಪ್ರತಿಭಟನೆಯ ಗುರುತಾಗಿ ಮೇಲಕ್ಕೆ ಹಾರಿದ ಕಪ್ಪು ಬಲೂನುಗಳು ಮಾತ್ರ ಬೇಲಿ ದಾಟಿದವು. ಕೊನೆಯ ದಿನ ಕಾರ್ಕ್‌ನಲ್ಲಿ ಏನಾಯಿತು ನೋಡಿ. ಇಂಗ್ಲಿಷ್ ಮಾರ್ಕೆಟ್‌ನ ಮೀನಿನ ಅಂಗಡಿಯವರ ಮಾತಿಗೆ ರಾಣಿ ಮನಸಾರೆ ನಕ್ಕರು. ಹೊರಗೆ ಬಂದು ಬೇಲಿಯಾಚೆ ನಿಂತಿದ್ದ ಜನರ ಹತ್ತಿರ ತಾವೇ ನಡೆದುಹೋದರು. ಆ ನಾಲ್ಕು ದಿನಗಳಲ್ಲಿ ಜನರಿಗೆ ಹೆಚ್ಚು ಹಿಡಿಸಿದ ಗಳಿಗೆಗಳಲ್ಲಿ ಇದೂ ಒಂದು. ಜನ ಹತ್ತಿರ ಬಂದರೆ ಅನಾಹುತವಾಗುತ್ತದೆ ಅನ್ನುವ ಭಯಕ್ಕೆ ಕಾರ್ಕ್ ಉತ್ತರ ಕೊಟ್ಟಿದೆ.

ಈ ದೇಶದಲ್ಲಿ ರಾಜರನ್ನು ವಿರೋಧಿಸುವುದು ಪುಂಡರ ಕೆಲಸವಾಗಿರಲಿಲ್ಲ. 1900ರಲ್ಲಿ ವಿಕ್ಟೋರಿಯಾ ರಾಣಿ ಬಂದಾಗ ಫೀನಿಕ್ಸ್ ಪಾರ್ಕ್‌ನಲ್ಲಿ ಮಕ್ಕಳಿಗೆ ಊಟ-ತಿಂಡಿಯ ಸಂಭ್ರಮ ಏರ್ಪಾಟಾಗಿತ್ತು. ಐರಿಷ್ ಹೋರಾಟಗಾರ್ತಿ ಮಾಡ್ ಗಾನ್ ಅವರು ವಿಕ್ಟೋರಿಯಾರನ್ನು ಬರಗಾಲದ ರಾಣಿ ಎಂದು ಕರೆದರು. 1845ರಿಂದ ಶುರುವಾದ ಆಲೂಗಡ್ಡೆ ಬರಗಾಲದಲ್ಲಿ ಹತ್ತು ಲಕ್ಷದಷ್ಟು ಜನ ಸತ್ತಿದ್ದು ಅದೇ ರಾಣಿಯ ಆಳ್ವಿಕೆಯಲ್ಲಿ. ರಾಣಿಯ ಸಂಭ್ರಮಕ್ಕೆ ಹೋಗದ ಮಕ್ಕಳಿಗಾಗಿ ಮಾಡ್ ಗಾನ್ ಮತ್ತು ಗೆಳತಿಯರು ಬೇರೆಯೇ ಒಂದು ಊಟ ಏರ್ಪಡಿಸಿದರು, ಸಾವಿರಾರು ಮಕ್ಕಳು ಬಂದರು. 1903ರಲ್ಲಿ ಏಳನೇ ಎಡ್ವರ್ಡ್ ಬಂದಾಗ ಡಬ್ಲಿನ್ ನಗರಸಭೆಯೇ ಸ್ವಾಗತದ ಮಾನಪತ್ರ ಕೊಡುವುದಿಲ್ಲ ಎಂದಿತು. ನೀವು ದಿನಾ ಕೆಲಸ ಮಾಡುವ ಸಂಸತ್ ಭವನ ಲೆನ್‌ಸ್ಟರ್ ಹೌಸ್ ಎದುರಿಗಿದ್ದ ವಿಕ್ಟೋರಿಯಾ ಪ್ರತಿಮೆಯನ್ನು 1948ರಲ್ಲಿ ತೆಗೆದು ಸಾಗಿಸಲಾಯಿತು, ಈಗ ಅದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿದೆ. ಬೇಡ ಎಂದ ಇಂಥ ದನಿಗಳಿಂದಲೇ ಈ ಗಣರಾಜ್ಯ ಹುಟ್ಟಿತು. ಅದೇ ದನಿ ಇವತ್ತು ಎದ್ದರೆ ಅದಕ್ಕೆ ಪೊಲೀಸ್ ವ್ಯಾನ್ ಒಂದೇ ಉತ್ತರವಾಗಬಾರದು.

ನಮ್ಮ ಭಾರತದವರಿಗೆ ಇದು ಹೊಸ ಕಥೆಯಲ್ಲ. 1997ರ ಅಕ್ಟೋಬರ್‌ನಲ್ಲಿ ಇದೇ ಎಲಿಜಬೆತ್ ಅಮೃತಸರದ ಜಲಿಯನ್‌ವಾಲಾ ಬಾಗ್‌ಗೆ ಬಂದು ಹೂಮಾಲೆ ಇಟ್ಟು ತಲೆ ಬಾಗಿಸಿದ್ದರು. ಕ್ಷಮೆ ಕೇಳಲಿಲ್ಲ. ಅದೇ ಭೇಟಿಯಲ್ಲಿ ಸತ್ತವರ ಲೆಕ್ಕದ ಬಗ್ಗೆ ಅವರ ಪತಿ ಫಿಲಿಪ್ ಆಡಿದ ಮಾತು ಗಾಯದ ಮೇಲೆ ಉಪ್ಪು ಸುರಿದಂತಾಯಿತು. 1919ರ ಆ ಹತ್ಯಾಕಾಂಡ ನಡೆದಾಗ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಮೈಕಲ್ ಒ'ಡ್ವಯರ್ ಹುಟ್ಟಿದ್ದು ಇಲ್ಲಿಯ ಟಿಪ್ಪರೆರಿಯಲ್ಲಿ. ಗುಂಡು ಹಾರಿಸಲು ಆಜ್ಞೆ ಕೊಟ್ಟ ಡಯರ್ ಓದಿದ್ದು ಕಾರ್ಕ್ ಜಿಲ್ಲೆಯ ಮಿಡಲ್‌ಟನ್‌ನಲ್ಲಿ. ಮರುವರ್ಷವೇ, ಅದೇ ಪಂಜಾಬಿನ ಜಲಂಧರ್‌ನಲ್ಲಿ, ಬ್ರಿಟಿಷ್ ಸೈನ್ಯದ ಕನಾಟ್ ರೇಂಜರ್ಸ್ ಪಡೆಯ ಐರಿಷ್ ಸೈನಿಕರು ತಮ್ಮ ದೇಶದಲ್ಲಿ ಬ್ರಿಟಿಷರು ಮಾಡುತ್ತಿರುವುದನ್ನು ಸಹಿಸುವುದಿಲ್ಲ ಎಂದು ದಂಗೆ ಎದ್ದರು. ಈ ದಂಗೆಗಾಗಿ ಜೇಮ್ಸ್ ಡೇಲಿ ಎಂಬ ಸೈನಿಕನನ್ನು 1920ರ ನವೆಂಬರ್‌ನಲ್ಲಿ ಗುಂಡಿಟ್ಟು ಕೊಂದರು. ಸಾಮ್ರಾಜ್ಯದ ಲೆಕ್ಕ ಅಷ್ಟು ಸಲೀಸಲ್ಲ ಎನ್ನುವುದು ನಿಮಗೂ ಗೊತ್ತು, ನಮಗೂ ಗೊತ್ತು.

ಹಳೇ ಗಾಯ ಕೆದಕಬೇಡಿ ಎಂದು ಹೇಳುವವರು ಇರುತ್ತಾರೆ. ಅವರಿಗೆ ಡೆರ‍್ರಿಯನ್ನು ತೋರಿಸಿ. 1972ರ ಜನವರಿ 30ರಂದು ಉತ್ತರ ಐರ್ಲೆಂಡಿನ ಆ ಊರಿನಲ್ಲಿ ಮೆರವಣಿಗೆಯಲ್ಲಿದ್ದ ನಿರಾಯುಧ ಜನರ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದರು. 13 ಜನ ಅಂದೇ ಸತ್ತರು. ಮೊದಲು ನಡೆದ ತನಿಖೆ ಸೈನ್ಯದ ಮೇಲಿನ ಕಳಂಕ ತೊಳೆಯಿತು. ಮನೆಗಳವರು ಬಿಡಲಿಲ್ಲ. 1998ರಲ್ಲಿ ಎರಡನೇ ತನಿಖೆ ಶುರುವಾಯಿತು, 2010ರ ಜೂನ್‌ನಲ್ಲಿ ವರದಿ ಬಂತು. ಅವತ್ತೇ ಪ್ರಧಾನಿ ಡೇವಿಡ್ ಕ್ಯಾಮರೂನ್ ಲಂಡನ್ ಸಂಸತ್ತಿನಲ್ಲಿ ಎದ್ದುನಿಂತು, ಅಂದು ನಡೆದದ್ದನ್ನು ಸಮರ್ಥಿಸಿಕೊಳ್ಳಲು ಸಾಧ್ಯವೇ ಇಲ್ಲ ಎಂದು ಒಪ್ಪಿ ಕ್ಷಮೆ ಕೇಳಿದರು. ಡೆರ‍್ರಿಯ ಚೌಕದಲ್ಲಿ ದೊಡ್ಡ ಪರದೆಯ ಮುಂದೆ ನಿಂತಿದ್ದ ಜನ ಚಪ್ಪಾಳೆ ಹೊಡೆದರು. ರಾಣಿ ಡಬ್ಲಿನ್‌ಗೆ ಬಂದಿದ್ದು ಅದಾಗಿ ಒಂದು ವರ್ಷದೊಳಗೆ. ಡೆರ‍್ರಿಯ ಸತ್ಯ ಹೊರಗೆ ಬರದೇ ಇದ್ದಿದ್ದರೆ ಆ ಭೇಟಿಗೆ ಇಷ್ಟು ಒಪ್ಪಿಗೆ ಸಿಗುತ್ತಿತ್ತೇ? ನನಗಂತೂ ಅನುಮಾನ.

ಇದನ್ನೆಲ್ಲ ಕೇಳಿಸಿಕೊಳ್ಳುವ ಮನಸ್ಸು ಚಾರ್ಲ್ಸ್ ಅವರಿಗೆ ಇದೆ ಎಂದೇ ನಾನು ನಂಬಿದ್ದೇನೆ. ಅದಕ್ಕೆ ಕಾರಣವಿದೆ. ಭಾರತದ ಕೊನೆಯ ವೈಸ್‌ರಾಯ್ ಮೌಂಟ್‌ಬ್ಯಾಟನ್ 1979ರ ಆಗಸ್ಟ್ 27ರಂದು ಸ್ಲೈಗೊ ಜಿಲ್ಲೆಯ ಮುಲ್ಲಮೋರ್‌ನಲ್ಲಿ ದೋಣಿಯಲ್ಲಿದ್ದಾಗ ಐಆರ್‌ಎ ಬಾಂಬಿಗೆ ಬಲಿಯಾದರು. ಜೊತೆಗಿದ್ದ 14 ಮತ್ತು 15 ವರ್ಷದ ಇಬ್ಬರು ಹುಡುಗರೂ ಸತ್ತರು, ಒಬ್ಬ ವೃದ್ಧೆ ಮರುದಿನ ತೀರಿಕೊಂಡರು. 2015ರ ಮೇ ತಿಂಗಳಲ್ಲಿ ಚಾರ್ಲ್ಸ್ ಆ ಊರಿಗೆ ಬಂದರು. ಮೌಂಟ್‌ಬ್ಯಾಟನ್ ತಮಗೆ ಎಂದೂ ಸಿಗದ ಅಜ್ಜನ ಹಾಗಿದ್ದರು ಎಂದು ಹೇಳಿಕೊಂಡರು. ಹಿಂದಿನ ದಿನ ಗಾಲ್ವೆಯಲ್ಲಿ, ಐಆರ್‌ಎಗೆ ಹತ್ತಿರವಾಗಿದ್ದ ಶಿನ್ ಫೇನ್ ಪಕ್ಷದ ನಾಯಕ ಜೆರ‍್ರಿ ಆಡಮ್ಸ್ ಕೈ ಕುಲುಕಿದ್ದರು. ಅಂಥ ಸಾವಿನ ನೋವು ಅವರಿಗೆ ಸ್ವಂತ ಅನುಭವ.

ಆದರೆ ಒಂದು ವ್ಯತ್ಯಾಸವಿದೆ, ಅದನ್ನು ಅವರ ಮುಂದೆ ಇಡುವ ಧೈರ್ಯ ನಿಮಗಿರಬೇಕು. ಮೌಂಟ್‌ಬ್ಯಾಟನ್ ಕೊಲೆಗೆ ಅದೇ ವರ್ಷ ನವೆಂಬರ್‌ನಲ್ಲಿ ಡಬ್ಲಿನ್‌ನ ನ್ಯಾಯಾಲಯ ಒಬ್ಬನಿಗೆ ಶಿಕ್ಷೆ ಕೊಟ್ಟಿತು. ಐರ್ಲೆಂಡ್ ತನ್ನ ಕೆಲಸ ಮಾಡಿತು. ಟಾಲ್ಬಟ್ ಸ್ಟ್ರೀಟ್‌ನವರಿಗೆ ಅಷ್ಟೂ ಸಿಕ್ಕಿಲ್ಲ. ಕಡತ ಬಿಚ್ಚುವ ಅಧಿಕಾರ ರಾಜರಿಗಿಲ್ಲ, ಅದು ಲಂಡನ್ ಸರ್ಕಾರದ್ದು, ಗೊತ್ತು. ಆದರೆ ರಾಜರು ಆ ಕಲ್ಲಿನ ಮುಂದೆ ನಿಂತ ಮೇಲೆ ಲಂಡನ್ನಿನ ಯಾವ ಮಂತ್ರಿಗೂ ಅದರಿಂದ ಮುಖ ತಪ್ಪಿಸಲು ಅಷ್ಟು ಸುಲಭವಾಗುವುದಿಲ್ಲ.

ಹಾಗಾಗಿ, ಕಾರ್ಯಕ್ರಮದ ಕರಡು ಲಂಡನ್ನಿಗೆ ಹೋಗುವ ಮೊದಲು ಡಬ್ಲಿನ್ ಮತ್ತು ಮೊನಹನ್‌ನ ಆ ಮನೆಗಳವರನ್ನು ನಿಮ್ಮ ಕಚೇರಿಗೆ ಕರೆಸಿ. ರಾಜರನ್ನು ಕಾಣುವುದು ಅವರಿಗೆ ಬೇಕೋ ಬೇಡವೋ ಅವರನ್ನೇ ಕೇಳಿ. ಬೇಡ ಎಂದರೆ ಅದನ್ನೂ ಗೌರವಿಸಿ, ಸುಮ್ನೆ ಫೋಟೋಗಾಗಿ ಯಾರನ್ನೂ ನಿಲ್ಲಿಸಬೇಡಿ. ಬೇಕು ಎಂದರೆ ಟಾಲ್ಬಟ್ ಸ್ಟ್ರೀಟ್ ಹೆಸರನ್ನು ಪಟ್ಟಿಯಲ್ಲಿ ಬರೆಯಿರಿ. ಪ್ರತಿಭಟನೆಗೆ ಅನುಮತಿ ಕೇಳಿದವರಿಗೆ ರಾಜರ ಕಾರು ಹಾದುಹೋಗುವ ದಾರಿಯಲ್ಲೇ, ಕಣ್ಣಿಗೆ ಕಾಣುವ ಕಡೆ ಜಾಗ ಕೊಡಿ. ಔತಣದ ದಿನ ಮಾತುಕತೆಯ ಮೇಜಿನ ಮೇಲೆ 2008ರ ನಿಮ್ಮ ಸಂಸತ್ತಿನ ನಿರ್ಣಯದ ಪ್ರತಿ ಇರಲಿ, ಅದಕ್ಕೆ ಉತ್ತರ ಯಾವಾಗ ಎಂದು ಬ್ರಿಟಿಷ್ ಸರ್ಕಾರದ ಪ್ರತಿನಿಧಿಗಳನ್ನು ಕೇಳಿ. ಅವರು ಕೊಟ್ಟ ಉತ್ತರವನ್ನು ಸಂಸತ್ತಿನಲ್ಲಿ ಓದಿ ಹೇಳಿ.

ಇಂತಿ ತಮ್ಮ ವಿಶ್ವಾಸಿ,
ಡಬ್ಲಿನ್‌ನಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ