ಮುತ್ತಜ್ಜ ಮಡಿದದ್ದು ಹೈಫಾದಲ್ಲೇ ಎನ್ನುವ ಮುನ್ನ

ಮಾನ್ಯರೇ,

ಸೆಪ್ಟೆಂಬರ್ 23 ಬಂತೆಂದರೆ ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ನೆನಪಾಗುತ್ತದೆ, ಜೊತೆಗೇ ‘ನಮ್ಮ ಮುತ್ತಜ್ಜನೂ ಹೈಫಾದಲ್ಲೇ ಮಡಿದರು’ ಎಂಬ ಮಾತು ಕೇಳಿಬರುತ್ತದೆ. 1918ರ ಆ ದಿನ ಇಂದಿನ ಇಸ್ರೇಲಿನಲ್ಲಿರುವ ಹೈಫಾದಲ್ಲಿ ಜೋಧಪುರ, ಮೈಸೂರು ಪಡೆಗಳೆರಡೂ ಸೇರಿ ಸತ್ತವರು 8 ಮಂದಿ. ಅಕ್ಟೋಬರ್ 26ರಂದು ಸಿರಿಯಾದ ಅಲೆಪ್ಪೊ ಬಳಿಯ ಹರಿತಾನ್‌ನಲ್ಲಿ ಇದೇ ಪಡೆಗಳು ಅದಕ್ಕಿಂತ ಹೆಚ್ಚು ಜನರನ್ನು ಕಳೆದುಕೊಂಡವು. ಆ ಹೊತ್ತಿಗೆ ಮಲೇರಿಯಾ, ಇನ್‌ಫ್ಲುಯೆಂಜಾಗಳೂ ದಂಡನ್ನು ಹಣ್ಣು ಮಾಡಿದ್ದವು. ಹಾಗಾಗಿ ಮೊದಲು ಹುಡುಕಬೇಕಾದ್ದು ಸತ್ತ ತಾರೀಖನ್ನು.

ಮನೆಯಲ್ಲಿ ಪದಕವಿದ್ದರೆ ಅದರ ಅಂಚು ನೋಡಿ. ನಂಬರು, ದರ್ಜೆ, ಹೆಸರು, ಪಡೆ ನಾಲ್ಕೂ ಅಲ್ಲೇ ಒತ್ತಿರುತ್ತವೆ. ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಸವೆದ ಅಕ್ಷರ ಮತ್ತೆ ಬರುವುದಿಲ್ಲ. ಓರೆ ಬೆಳಕಿನಲ್ಲಿ ಫೋಟೊ ತೆಗೆದರೆ ಸಾಕು. ಸುಮಾರು 12 ಸೆಂ.ಮೀ. ಅಗಲದ, ಸಿಂಹವಿರುವ ಕಂಚಿನ ಬಿಲ್ಲೆ ಸಿಕ್ಕರೆ ಅದು ಸೇವೆಯಲ್ಲಿ ಸತ್ತವರ ಮನೆಗೆ ಕಳಿಸಿದ್ದು. ಅದರಲ್ಲಿ ಹೆಸರು ಮಾತ್ರ ಇರುತ್ತದೆ, ದರ್ಜೆ ಇರುವುದಿಲ್ಲ.

ಮುಂದಿನದು, ಯುದ್ಧದಲ್ಲಿ ಸತ್ತ ಸೈನಿಕರ ಸಮಾಧಿ, ಸ್ಮಾರಕಗಳ ದಾಖಲೆ ಇಡುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಉಚಿತ ಜಾಲತಾಣ. ಬಹುತೇಕರು ಇಲ್ಲಿ ಹೆಸರು ಹಾಕಿಯೇ ಸೋಲುತ್ತಾರೆ. ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡ ಇಂಗ್ಲಿಷ್ ಕಾಗುಣಿತ ನಮ್ಮದಕ್ಕೆ ಹೊಂದುವುದಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟು ಪಡೆ ಮತ್ತು ತಾರೀಖಿನ ಮಿತಿಯನ್ನಷ್ಟೇ ಕೊಟ್ಟು, ಬಂದ ಪಟ್ಟಿಯನ್ನು ಪೂರ್ತಿ ಓದಿ. ಎಷ್ಟೋ ಕಡೆ ತಂದೆಯ ಹೆಸರು, ಊರು, ಜಿಲ್ಲೆಗಳೂ ದಾಖಲಾಗಿರುತ್ತವೆ. ಆದರೆ ಅವು ಅಂದಿನ ಹೆಸರುಗಳು: ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್, ರಾಮನಗರಕ್ಕೆ ಕ್ಲೋಸ್‌ಪೇಟೆ, ಬಂಗಾರಪೇಟೆಗೆ ಬೌರಿಂಗ್‌ಪೇಟೆ. ಮಂಡ್ಯ ಜಿಲ್ಲೆ ಆದದ್ದೇ 1939ರಲ್ಲಿ, ಆ ಕಡೆಯವರನ್ನು ಮೈಸೂರು ಜಿಲ್ಲೆಯಲ್ಲೇ ಹುಡುಕಬೇಕು.

ಸಮಾಧಿ ಸಿಗಲಿಲ್ಲವೆಂದು ಕೈಬಿಡಬೇಡಿ. ದಹನವಾದವರ ಹೆಸರು ಸಾಮಾನ್ಯವಾಗಿ ಸ್ಮಾರಕದ ಮೇಲಿರುತ್ತದೆ. ಈಜಿಪ್ಟ್, ಪ್ಯಾಲೆಸ್ತೀನ್ ರಣರಂಗದ್ದು ಸೂಯೆಜ್ ಕಾಲುವೆಯ ಪೋರ್ಟ್ ತೌಫಿಕ್‌ನಲ್ಲಿತ್ತು. ಅರಬ್-ಇಸ್ರೇಲ್ ಕಾಳಗಗಳಲ್ಲಿ ಅದು ಹಾಳಾದ ಮೇಲೆ 1980ರಲ್ಲಿ ಕೈರೋದ ಹೀಲಿಯೊಪೊಲಿಸ್ ಯುದ್ಧ ಸ್ಮಶಾನದಲ್ಲಿ ಹೊಸದನ್ನು ಕಟ್ಟಿದರು.

ಕಮಿಷನ್ನಿನ ಮೊದಲ ಯುದ್ಧದ ಲೆಕ್ಕ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ. ಪಿಂಚಣಿ ಪಡೆದು, ಊರಿಗೆ ಬಂದು ಆಮೇಲೆ ತೀರಿಕೊಂಡವರು ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಲ್ಯಾನ್ಸರ್ಸ್ ಸಂಸ್ಥಾನದ ಪಡೆಯಾದ್ದರಿಂದ ಅಂಥವರಿಗಾಗಿ ಲಂಡನ್ನಿನ ಪತ್ರಾಗಾರಗಳಿಗೆ ಬರೆಯುವ ಮೊದಲು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸರ್ಕಾರದ ಮಿಲಿಟರಿ ಕಡತಗಳನ್ನು ಕೇಳುವುದು ಮೇಲು. ‘ನಮ್ಮ ಅಜ್ಜನ ಮಾಹಿತಿ ಬೇಕು’ ಎಂದಷ್ಟೇ ಬರೆದರೆ ಯಾರೂ ಹುಡುಕಿಕೊಡಲಾರರು. ಪಡೆ, ನಂಬರು, ತಂದೆಯ ಹೆಸರು, ಅಂದಿನ ತಾಲ್ಲೂಕು, ಅಂದಾಜು ಇಸವಿ ಇಷ್ಟನ್ನೂ ಅರ್ಜಿಯಲ್ಲಿ ಕಾಣಿಸಿ. ಅಲ್ಲಿ ಸಿಕ್ಕ ಕಾಗದ ಕಮಿಷನ್ನಿನ ದಾಖಲೆಗೆ ತಾಳೆಯಾಗದಿದ್ದರೆ ಅದರ ಪ್ರತಿಯನ್ನು ಅವರಿಗೇ ಕಳಿಸಬಹುದು. ಅಂದಿನ ಕಾಗದದ ಆಧಾರವಿದ್ದರೆ ತಿದ್ದುಪಡಿಯ ಕೋರಿಕೆಯನ್ನು ಅವರು ಪರಿಶೀಲಿಸುತ್ತಾರೆ.

— ಓದುಗರು, ಮೈಸೂರು