ಬಾವಿಯ ಹಗ್ಗ

ಚಿರಂಜೀವಿ ಮಗಳಿಗೆ, ಕೊಪ್ಪಳದಿಂದ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ಭಾನುವಾರ ರಾತ್ರಿ ನೀನು ಮಾತಾಡುತ್ತಿದ್ದಾಗಲೇ ನಾನು ಫೋನ್ ಇಟ್ಟುಬಿಟ್ಟೆ. ಸಿಗ್ನಲ್ ಹೋಯಿತೆಂದು ನಿನ್ನ ಅವ್ವನಿಗೆ ಸುಳ್ಳು ಹೇಳಿದೆ, ಅವಳು ನಂಬಲಿಲ್ಲ. ಗವಿಮಠದ ಜಾತ್ರೆಯ ದಾಸೋಹಕ್ಕೆ ಕಳಿಸಲು ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದಾರೆ. ಆ ಸದ್ದಿನ ನಡುವೆಯೇ ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ಫೋನಿನಲ್ಲಿ ಹೇಳಹೊರಟರೆ ನನ್ನ ದನಿ ಮತ್ತೆ ಏರುತ್ತದೆ.

ಕಾಶ್ಮೀರದ ನಿನ್ನ ನಾಕಾದಲ್ಲಿ, ಅಂದರೆ ದಾರಿಯ ಚೌಕಿಯಲ್ಲಿ, ಒಬ್ಬ ಮುದುಕಿಯ ತಪಾಸಣೆ ಮಾಡುವಾಗ, ಫೆರನ್ ಎಂಬ ದೊಗಲೆ ನಿಲುವಂಗಿಯೊಳಗೆ ಅವಳು ಅವುಚಿಕೊಂಡಿದ್ದ ಕಾಂಗಡಿಯನ್ನು, ಆ ಕೆಂಡದ ಕುಡಿಕೆಯನ್ನು, ನೀನು ಹೊರಗೆ ತೆಗೆಸಿ ನೆಲಕ್ಕಿಡಿಸಿದೆ. ಅದು ಹಿಮದ ಮೇಲೆ ವಾಲಿ, ಕೆಂಡವೆಲ್ಲ ಚೆಲ್ಲಿ ಚುಸ್ಸೆಂದು ಆರಿತು. ಆಕೆ ಒಂದೂ ಮಾತಾಡದೆ ಕರಿ ಇದ್ದಿಲನ್ನು ಆಯ್ದುಕೊಂಡು ಹೋದಳು. ಇಷ್ಟು ಹೇಳಿ ನೀನು ನಕ್ಕೆ. ನಾನು ಓಣಿಗೆಲ್ಲ ಕೇಳುವಂತೆ ಕೂಗಿದೆ. ಅದು ನನ್ನ ತಪ್ಪು. ಚಿಲ್ಲೈ ಕಲಾನ್ ಎಂದು ಅಲ್ಲಿಯವರು ಕರೆಯುವ ಕಡು ಚಳಿಯಲ್ಲಿ ದಿನವಿಡೀ ನಿಂತವರಿಗೆ ಸಂಜೆ ಎಂಥ ನಗು ಬರುತ್ತದೆಂಬುದು ನನಗೆ ತಿಳಿಯದ್ದೇನಲ್ಲ.

ನಾನು ಸಿಪಾಯಿಯಾಗಿ ಶ್ರೀಲಂಕಾಕ್ಕೆ ಹೋಗಿದ್ದು, ಟ್ರಂಕಿನಲ್ಲಿರುವ ಪದಕ, ಕಾಲಿನ ಗಾಯ, ಇವೆಲ್ಲ ನಿನಗೆ ಗೊತ್ತೇ ಇವೆ. ಹೇಳದೆ ಉಳಿಸಿಕೊಂಡದ್ದು ಒಂದು ಬಾವಿಯ ಸಂಗತಿ.

ಯಾಳ್ಪಾಣದ, ಅಂದರೆ ಜಾಫ್ನಾದ ತಮಿಳರ ಸೀಮೆಯಲ್ಲಿ ನಮ್ಮ ತುಂಗಭದ್ರೆಯಂಥ ಹೊಳೆಯಿಲ್ಲ. ಸುಣ್ಣಕಲ್ಲಿನ ನೆಲದೊಳಗಿನ ನೀರೇ ಅವರಿಗೆ ಗತಿ, ಹಾಗಾಗಿ ಮನೆಮನೆಗೂ ಬಾವಿ, ಸುತ್ತ ತಾಳೆಗರಿಯ ಬೇಲಿ. 1987ರ ಜುಲೈ 29ರಂದು ಭಾರತಕ್ಕೂ ಶ್ರೀಲಂಕಾಕ್ಕೂ ಒಪ್ಪಂದವಾಗಿ, ಶಾಂತಿ ಕಾಯಲೆಂದು ನಾವು ಹೋಗಿಳಿದಾಗ ಜನ ಹಾರ ಹಾಕಿ ಬರಮಾಡಿಕೊಂಡರು. ನಮ್ಮ ಚೌಕಿಯ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಳು. ನೀರಿಗೆ ಹೋದಾಗ ನನಗೆ ಹಗ್ಗ ಮುಟ್ಟಲು ಬಿಡದೆ ತಾನೇ ಸೇದಿ, 'ತಂಬೀ', ತಮ್ಮಾ, ಎಂದು ಕರೆದು ಬೊಗಸೆಗೆ ಹಾಕುತ್ತಿದ್ದಳು. ನಮ್ಮ ಉಪ್ಪು ಅವರಿಗೂ ಉಪ್ಪೇ, ನಮ್ಮ ಹಾಲು ಅವರಿಗೆ ಪಾಲು. ಹಲ್ಲಿಗೆ ಪಲ್ಲು ಎಂದು ಹೇಳಿಕೊಡಲು ತನ್ನ ಬಾಯಿ ತೆರೆದು ತೋರಿಸಿದಳು, ಅಲ್ಲಿ ಇದ್ದದ್ದೇ ಎರಡು. ಇಬ್ಬರೂ ಬಹಳ ಹೊತ್ತು ನಕ್ಕೆವು.

ಸೆಪ್ಟೆಂಬರ್ 26ರಂದು ನಲ್ಲೂರಿನಲ್ಲಿ ತಮಿಳು ಹುಲಿಗಳ (ಎಲ್‌ಟಿಟಿಇ) ತಿಲೀಪನ್ ಉಪವಾಸ ಕೂತು ಸತ್ತ ಮೇಲೆ ಜನರ ಮುಖ ಬೇರೆಯಾಯಿತು. ಅಕ್ಟೋಬರ್ 10ಕ್ಕೆ ಹುಲಿಗಳಿಗೂ ನಮಗೂ ಕಾಳಗವೇ ಶುರುವಾಯಿತು. ಅದಾಗಿ ಕೆಲವು ವಾರಗಳಿಗೆ ಮನೆಗಳ ಶೋಧಕ್ಕೆ ಹೋದಾಗ, ಅಜ್ಜಿಯ ಮನೆ ನನ್ನ ಪಾಲಿಗೆ ಬಂತು. ಅಕ್ಕಿಯ ಮಡಕೆಯೊಳಗೆ ಏನಾದರೂ ಹೂತಿಟ್ಟಿರಬಹುದೆಂದು, ಕೈಹಾಕಿ ನೋಡುವ ಬದಲು, ಇಡೀ ಮಡಕೆಯನ್ನು ಸಗಣಿ ಸಾರಿಸಿದ ನೆಲಕ್ಕೆ ಬೋರಲು ಹಾಕಿದೆ. ಹಾಗೆ ಮಾಡೆಂದು ನನಗೆ ಯಾರೂ ಹೇಳಿರಲಿಲ್ಲ. ಅಕ್ಕಿಯ ಹೊರತು ಏನೂ ಇರಲಿಲ್ಲ. ಅವಳು ಬಯ್ಯಲಿಲ್ಲ, ಅಳಲಿಲ್ಲ, ಮೊರ ತಂದು ಕುಕ್ಕರುಗಾಲಿನಲ್ಲಿ ಕೂತು ಬಳಿಯತೊಡಗಿದಳು. ಮರುದಿನ ನೀರಿಗೆ ಹೋದರೆ ಬಾವಿಯ ಮೇಲೆ ಹಗ್ಗವಿರಲಿಲ್ಲ, ಕೊಡವೂ ಇರಲಿಲ್ಲ.

ಆ ಹಗ್ಗವನ್ನು ಅವಳೇ ಬಿಚ್ಚಿದಳೋ, ಸಿಪಾಯಿಗಳಿಗೆ ನೀರು ಕೊಟ್ಟೆಯೆಂದು ರಾತ್ರಿ ಬಂದವರು ಹೆದರಿಸಿ ಬಿಚ್ಚಿಸಿದರೋ, ಇಂದಿಗೂ ನನಗೆ ತಿಳಿಯದು. ಅವಳು ಬಿಚ್ಚಿದ್ದರೆ ಅದು ನನಗೆ ತಕ್ಕದ್ದೇ. ಇನ್ನೊಬ್ಬರು ಬಿಚ್ಚಿಸಿದ್ದರೆ, ನಮ್ಮಿಬ್ಬರ ನಗುವಿಗೆ ಅವಳು ದಂಡ ತೆತ್ತಳು. ಬಾಗಿಲು ಬಡಿದು ಕೇಳಬಹುದಿತ್ತು, ಕೇಳಲಿಲ್ಲ. ನಮ್ಮ ಕೊನೆಯ ತುಕಡಿ ದ್ವೀಪ ಬಿಟ್ಟದ್ದು 1990ರ ಮಾರ್ಚ್ 24ರಂದು. ನಾನು ಅದಕ್ಕೆ ಮೊದಲೇ ಹಿಂದಿರುಗಿ, ಹೊಲ ನೋಡಿಕೊಂಡು, ಮದುವೆಯಾಗಿ, ನಿನ್ನನ್ನು ಎತ್ತಿ ಆಡಿಸಿದೆ. ಆದರೂ ನಮ್ಮ ಹಿತ್ತಲಿನ ಬಾವಿಗೆ ಬೋರ್ ಬಂದ ಮೇಲೂ ಹಗ್ಗವನ್ನು ಏಕೆ ತೆಗೆಯಗೊಡಲಿಲ್ಲವೆಂದು ನೀವಿಬ್ಬರೂ ಕೇಳುತ್ತಿದ್ದಿರಲ್ಲ, ಕಾರಣ ಅದು.

ತಪಾಸಣೆ ಬಿಡು ಎಂದು ನಾನು ಹೇಳುತ್ತಿಲ್ಲ. ಫೆರನ್ ಒಳಗೆ ಬರೀ ಕೆಂಡವೇ ಇರುತ್ತದೆಂದು ನಂಬಿದವರು ಊರಿಗೆ ಹೇಗೆ ಮರಳಿದರೆಂಬುದನ್ನು ನಾನು ಕಂಡವನು, ಮತ್ತು ನಿನ್ನ ಕೈ ಆ ಉಡುಪಿನೊಳಗೆ ಹೋಗುವ ಕ್ಷಣವನ್ನು ನೆನೆದೇ ನನಗೆ ರಾತ್ರಿ ಎಚ್ಚರವಾಗುತ್ತದೆ. ಯಾರು ಕೊಟ್ಟ ಚಹಾವನ್ನೂ ಕುಡಿಯಬೇಡ. ಬೇಡವೆನ್ನುವಾಗ ಎದೆಯ ಮೇಲೆ ಕೈಯಿಟ್ಟು ಹೇಳು. ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ನಡೆಯಬೇಡ. ಅವರ ಭಾಷೆಯ ಇಪ್ಪತ್ತು ಮಾತನ್ನಾದರೂ ಕಲಿ. ನಿನ್ನ ಹಿಂದಿಯೂ ಸಾಲದ್ದು, ಆ ಮುದುಕಿಯದೂ ಸಾಲದ್ದು, ಇಬ್ಬರು ಸಾಲಗಾರರು ಎಷ್ಟು ಹೊತ್ತು ಮಾತಾಡಿಯಾರು? ತಾಯಿಗೆ 'ಮೋಜ್' ಎನ್ನುತ್ತಾರೆಂದು ನೀನೇ ಒಮ್ಮೆ ನನಗೆ ಹೇಳಿದ್ದೆ. ನೋಡು, ಬುದ್ಧಿ ಹೇಳಬಾರದೆಂದು ಕೂತವನು ಪರೇಡು ತೆಗೆಯುತ್ತಿದ್ದೇನೆ.

ನಿನ್ನ ಸಮವಸ್ತ್ರದ ಫೋಟೋವನ್ನು ನನ್ನದರ ಪಕ್ಕಕ್ಕೆ ತೂಗುಹಾಕಿದ್ದೇವೆ, ಬಂದವರಿಗೆಲ್ಲ ನಾನೇ ಮೊದಲು ತೋರಿಸುತ್ತೇನೆ. ಜಾತ್ರೆಯ ರೊಟ್ಟಿಯಲ್ಲಿ ನಲವತ್ತನ್ನು ನಿನ್ನ ಅವ್ವ ನಿನಗೆಂದು ಬಿಸಿಲಿಗಿಟ್ಟು ಗರಿಗರಿ ಮಾಡಿದ್ದಾಳೆ, ಶೇಂಗಾ ಹಿಂಡಿಯೂ ಇದೆ. ಪಾರ್ಸೆಲ್ ಮುಟ್ಟಿದ ದಿನ ಫೋನ್ ಮಾಡು, ನಾನು ಇಡುವುದಿಲ್ಲ. ಆ ಮುದುಕಿ ಅದೇ ದಾರಿಯಲ್ಲಿ ಮತ್ತೆ ಬಂದಳೇ, ಬಂದಿದ್ದರೆ ಅವಳ ಕಾಂಗಡಿಯನ್ನು ಎಲ್ಲಿ ಇಡಿಸಿದೆ ಎಂಬುದನ್ನು ಹೇಳು.

ನಿನ್ನ ಅಪ್ಪ