ಸ್ಕ್ರೈಬ್ ಅರ್ಜಿ ಈ ವಾರವೇ ಕೊಡು

ಗದಗ

ಚಿ. ಸಣ್ಣವ್ವನಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಕಣ್ಣು ಮಂದವಾದರೂ ಪರೀಕ್ಷೆಯಲ್ಲಿ ಹೇಳಿದ್ದನ್ನು ಬರೆದುಕೊಡುವ ಸ್ಕ್ರೈಬ್ ಬೇಡವೇ ಬೇಡ, ಒದ್ದಾಡಿಯಾದರೂ ನಾನೇ ಬರೀತೀನಿ ಅಂತ ನೀನು ಹಟ ಹಿಡಿದಿರುವ ವಿಷಯ ನಿಮ್ಮವ್ವನಿಂದ ಗೊತ್ತಾಯಿತು. ಯಾರೋ ಬರೆದುಕೊಟ್ಟರು, ಇವಳು ಪಾಸಾದಳು ಅಂತ ಗೆಳತಿಯರು ಆಡಿಕೊಂಡಾರು ಅನ್ನೋ ಚಿಂತೆ, ಅಲ್ವಾ? ಸ್ಕ್ರೈಬ್ ಬರೆಯುವುದು ನೀನು ಹೇಳಿದ್ದನ್ನು ಮಾತ್ರ. ಓದಿದವಳು ನೀನು, ನೆನಪಿಟ್ಟವಳು ನೀನು. ಇತಿಹಾಸದ ಪೇಪರಿನಲ್ಲಿ ನಿನ್ನ ಓದನ್ನು ಅಳೆಯಬೇಕು, ಕಣ್ಣನ್ನಲ್ಲ.

ನಮ್ಮೂರಲ್ಲಿ ಇನ್ನೊಂದು ಮಾತು ಬಹಳ. 'ಪುಟ್ಟರಾಜ ಗವಾಯಿಗಳನ್ನು ನೋಡು, ಅವರಿಗೆ ಯಾವ ಸೌಲಭ್ಯ ಇತ್ತು?' ಅಂತಾರೆ. ಇತ್ತಲ್ಲ! ಪಂಚಾಕ್ಷರಿ ಗವಾಯಿಗಳಂಥ ಗುರು ಇದ್ದರು, ಅವರಿಗೂ ಕಣ್ಣಿರಲಿಲ್ಲ. ಊಟ, ವಸತಿ, ಕಿವಿಯಿಂದಲೇ ಕಲಿಯುವ ಪಾಠ, ಎಲ್ಲ ಆಶ್ರಮದಲ್ಲಿತ್ತು. ವೀರೇಶ್ವರ ಪುಣ್ಯಾಶ್ರಮ ಇವತ್ತಿಗೂ ಮಾಡುವ ಕೆಲಸ ಅದೇ. ಹಾಗೆ ಹೇಳುವವರ ಬಾಯಿಗೆ ಅವರ ಹೆಸರು ಸುಮ್ನೆ ಬರುತ್ತದೆ, ಅಷ್ಟೆ.

ಕಾಲೇಜಿನ ಆಫೀಸಿನಲ್ಲಿ ಪರೀಕ್ಷೆಯ ಟೇಬಲ್ ನೋಡಿಕೊಂಡು ರಿಟೈರ್ ಆದವನು ನಾನು. ಕಿಟಕಿಯ ಒಳಗಿನ ಸಂಗತಿ ಹೇಳುತ್ತೇನೆ, ಕೇಳು. ಹಾಲ್ ಟಿಕೆಟ್ ಬಂದಮೇಲೆ ಓಡಿಬಂದು ಕೇಳಿದರೆ ಎಂಥ ಒಳ್ಳೆಯ ಕ್ಲಾರ್ಕ್ ಆದರೂ ಬೆವರುತ್ತಾನೆ. ಬೇರೆ ರೂಮ್ ಬೇಕು, ಅದಕ್ಕೊಬ್ಬ ಮೇಲ್ವಿಚಾರಕ ಬೇಕು, ಸ್ಕ್ರೈಬ್ ಕಾಗದಪತ್ರ ನೋಡಬೇಕು, ಮೇಲಿನವರ ಸಹಿ ಆಗಬೇಕು. 'ಆಗಲಿ, ನೋಡೋಣ' ಅಂದ ಪ್ರಿನ್ಸಿಪಾಲರಿಗೆ ವರ್ಗವಾದರೆ ಆ ಮಾತೂ ಅವರ ಜೊತೆಗೇ ಹೋಯಿತು. ಆದ್ದರಿಂದ ಪರೀಕ್ಷಾ ಫಾರ್ಮ್ ತುಂಬುವಾಗಲೇ ಅರ್ಜಿ ಕೊಡು. ಕೆಳಗಿನ ಮಹಡಿಯಲ್ಲಿ, ಬೆಳಕು ಚೆನ್ನಾಗಿರುವ ರೂಮ್ ಬೇಕು, ನಕ್ಷೆ ಪ್ರಶ್ನೆಗೆ ಬದಲಿ ಪ್ರಶ್ನೆ ಬೇಕು ಅಂತಲೂ ಅದರಲ್ಲೇ ಬರೆ.

ಇದು ಯಾರೋ ಕನಿಕರಪಟ್ಟು ಕೊಡುವುದಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ. ಅದರ ಮೇಲೆ ಕೇಂದ್ರ ಸರ್ಕಾರ 2018ರಲ್ಲಿ ಮಾರ್ಗಸೂಚಿ ಹೊರಡಿಸಿತು. ನಿನ್ನಂತೆ ವೈಕಲ್ಯ ಶೇಕಡಾ 40 ಅಥವಾ ಹೆಚ್ಚು ಇರುವವರಿಗೆ ಗಂಟೆಗೆ 20 ನಿಮಿಷವಾದರೂ ಹೆಚ್ಚಿಗೆ ಸಿಗಬೇಕು. ಮೂರು ಗಂಟೆಯ ಪೇಪರಿಗೆ ನಾಲ್ಕು ಗಂಟೆ ಆಯಿತು. ಪೂರ್ತಿ ಕಾಣದವರು ಕೇಳಿದರೆ ಸಾಕು, ಸ್ಕ್ರೈಬ್ ಕೊಡಬೇಕು. ನಿನ್ನದು ಮಂದದೃಷ್ಟಿ. ಹಾಗಾಗಿ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಜೊತೆಗೆ, ಬರೆಯಲು ತೊಂದರೆ ಇದೆ ಅಂತ ಸರ್ಕಾರಿ ಆಸ್ಪತ್ರೆಯ ಮೆಡಿಕಲ್ ಸೂಪರಿಂಟೆಂಡೆಂಟ್ ಅಥವಾ ಜಿಲ್ಲಾ ಸರ್ಜನ್ ಸರ್ಟಿಫಿಕೇಟ್ ಬೇಕು. ನಿಮ್ಮಪ್ಪ ಒಂದು ದಿನ ರಜೆ ಹಾಕಿ ನಿನ್ನ ಜೊತೆ ಬರಲಿ. ಬರೆಯುವಾಗ ಕೈ ನಡುಗುವ ನಿನ್ನ ರೂಮ್‌ಮೇಟ್‌ಗೂ ಹೇಳು: ಶೇಕಡಾ 40 ಇಲ್ಲ ಅಂತ ಸ್ಕ್ರೈಬ್ ನಿರಾಕರಿಸುವಂತಿಲ್ಲ ಅಂತ 2021ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, 2022ರಲ್ಲಿ ಅಂಥವರಿಗೂ ಮಾರ್ಗಸೂಚಿ ಬಂದಿದೆ.

ಸ್ಕ್ರೈಬ್ ಸಿಕ್ಕರೆ ಎಲ್ಲ ಸಲೀಸು ಅಂದುಕೊಳ್ಳಬೇಡ. ಹೇಳಿ ಬರೆಸುವುದಕ್ಕೆ ರೂಢಿ ಬೇಕು. ನಾವೇ ಕರೆದುಕೊಂಡು ಹೋಗುವ ಸ್ಕ್ರೈಬ್ ನಿನಗಿಂತ ಕಡಿಮೆ ಓದಿರಬೇಕು. ಅಂದರೆ ಪಿಯುಸಿ ಹುಡುಗಿ, ಅದೂ ಸೈನ್ಸ್ ಓದುವವಳು ಇರಬಹುದು. ಲಕ್ಕುಂಡಿಯ ಬ್ರಹ್ಮ ಜಿನಾಲಯದ ಪ್ರಶ್ನೆ ಬಂತು ಅನ್ನು. ಅದನ್ನು ಕಟ್ಟಿಸಿದ 'ಅತ್ತಿಮಬ್ಬೆ' ಹೆಸರು ಹೇಳಿದರೆ ಅವಳು ಪೆನ್ನು ಎತ್ತಿ ನಿನ್ನ ಮುಖ ನೋಡುತ್ತಾಳೆ. ತಗೆ ತ ಒತ್ತು, ಬಗೆ ಬ ಒತ್ತು ಅಂತ ಬಿಡಿಸಿ ಹೇಳಬೇಕು. ಇಲ್ಲಿ ಹೊಸ ಪ್ಯಾರಾ, ಇದರ ಕೆಳಗೆ ಗೆರೆ, ಮಾರ್ಜಿನ್‌ನಲ್ಲಿ ಪ್ರಶ್ನೆ ನಂಬರ್, ಇವನ್ನೂ ಬಾಯಿಬಿಟ್ಟೇ ಹೇಳಬೇಕು. ವಾಕ್ಯ ಪೂರ್ತಿ ಒಂದೇ ಉಸಿರಿಗೆ ಸುರಿಯಬೇಡ. ನಾಲ್ಕೈದು ಶಬ್ದ ಹೇಳು, ಪೆನ್ನಿನ ಸದ್ದು ನಿಂತಮೇಲೆ ಮುಂದಿನದು. ಅವಳು ಬರೆಯುವಾಗ ನೀನು ಮುಂದಿನ ವಾಕ್ಯ ಕಟ್ಟಿಕೊಳ್ಳುತ್ತಿರು. ಪುಟ ಮುಗಿದಾಗ ಮೆಲ್ಲಗೆ ಓದಿಸಿ ಕೇಳು. ಆ ಹೆಚ್ಚಿನ ಒಂದು ಗಂಟೆ ಹೋಗುವುದೇ ಇದಕ್ಕೆಲ್ಲ. ಇಂಟರ್ನಲ್ ಟೆಸ್ಟಿನಿಂದಲೇ ಸ್ಕ್ರೈಬ್ ಕೇಳಿದರೆ ಕೊನೆಯ ಪರೀಕ್ಷೆ ಹೊತ್ತಿಗೆ ಬಾಯಿಗೆ ರೂಢಿಯಾಗಿರುತ್ತದೆ.

ನೋಟ್ಸ್ ವಿಷಯ. ಸರ್ ಕಳಿಸಿದ ಫೈಲನ್ನು ಲ್ಯಾಪ್‌ಟಾಪ್ ಓದುವಾಗ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕೇಳುತ್ತದೆ ಅಂದಿದ್ದೆ. ಅದು ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದಿರಬೇಕು. ಯೂನಿಕೋಡ್‌ಗೆ ಬದಲಿಸಿ ಕೊಡಿ ಅಂತ ಕೇಳು, ಪರದೆ ಓದಿ ಹೇಳುವ ತಂತ್ರಾಂಶ ಎನ್‌ವಿಡಿಎ ಕನ್ನಡದಲ್ಲೇ ಓದುತ್ತದೆ. ಸ್ಕ್ಯಾನ್ ಮಾಡಿದ ಪುಟದ ಫೋಟೋ ಮಾತ್ರ ಬೇಡ ಅನ್ನು. ಸರ್ ಒಳ್ಳೆಯವರಿರಬಹುದು, ಆದರೆ ನೀನು ಹೇಳದೆ ಅವರಿಗೆ ಹೇಗೆ ಗೊತ್ತಾಗಬೇಕು?

ಅರ್ಜಿಯ ಎರಡು ಪ್ರತಿ ಒಯ್ಯಿ. ಒಂದರ ಮೇಲೆ ಸೀಲ್ ಹಾಕಿಸಿ, ಇನ್‌ವರ್ಡ್ ನಂಬರ್ ಬರೆಸಿಕೊಂಡು ನನಗೆ ವಾಟ್ಸಾಪ್ ಮಾಡು. ದೀಪಾವಳಿಗೆ ಬರುವಾಗ ಹಳೇ ಪ್ರಶ್ನೆಪತ್ರಿಕೆ ತಾ. ನಾನೇ ಸ್ಕ್ರೈಬ್ ಆಗಿ ಕೂರುತ್ತೇನೆ. ನನ್ನ ಅಕ್ಷರ ನೋಡಿ ನಿಮ್ಮಪ್ಪ ನಗುತ್ತಾನೆ, ನಗಲಿ.

ಇಂತಿ ನಿನ್ನ
ಕಾಕಾ